ಮೊಣಕಾಲಿನ ನೋವಿಗೆ ದಾರಿ ತೋರಿದವರಿಗೆ

ಸೈಕಲ್ ತುಳಿಯುವಾಗ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ನೋವಿನ ಬಗ್ಗೆ ನಾನು ಕೇಳಿದ ಪ್ರಶ್ನೆಗೆ, ತಮ್ಮ ಹೆಸರನ್ನೂ ಹೇಳಿಕೊಳ್ಳದೆ ತಾಳ್ಮೆಯಿಂದ ಉತ್ತರಿಸಿದ ಅನುಭವಿ ಸವಾರರಿಗೆ ಹೃತ್ಪೂರ್ವಕ ಧನ್ಯವಾದಗಳು. ಹೊಸ ಸೀಟು ಕೊಳ್ಳಿ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ತಾವು ಹಾಗೆ ಮಾಡದೆ, ನೋವು ಮೊಣಕಾಲಿನ ಮುಂದಿದೆಯೋ ಹಿಂದಿದೆಯೋ ಎಂದು ಮೊದಲು ವಿಚಾರಿಸಿದಿರಿ. ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದೂ ಹಿಂಭಾಗದ ನೋವಿಗೆ ಅದು ಎತ್ತರವಾಗಿರುವುದೂ ಸಾಮಾನ್ಯ ಕಾರಣಗಳೆಂದು ತಿಳಿಸಿ, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಅದೇ ಮೊಣಕಾಲು ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು ಎಂದು ಬಿಡಿಸಿ ಹೇಳಿದಿರಿ. ಸೀಟನ್ನು ಒಮ್ಮೆಲೇ ಎತ್ತರಿಸದೆ ಕೆಲವೇ ಮಿಲಿಮೀಟರ್‌ಗಳಂತೆ ಏರಿಸಿ, ಪ್ರತಿ ಸಲವೂ ಸವಾರಿ ಮಾಡಿ ನೋಡಬೇಕೆಂಬ ಸಲಹೆಯೂ ಅಷ್ಟೇ ಉಪಯುಕ್ತವಾಯಿತು.

ಸೀಟಿನ ಕೊಳವೆಯ ಮೇಲೆ ಕೆತ್ತಿರುವ ಮಿತಿಯ ಗೆರೆ ಫ್ರೇಮಿನಿಂದ ಹೊರಗೆ ಕಾಣಬಾರದು, ಕಂಡರೆ ಕೊಳವೆಯೋ ಫ್ರೇಮೋ ಮುರಿಯುವ ಅಪಾಯವಿದೆ ಎಂಬ ಎಚ್ಚರಿಕೆಯನ್ನು ನಾನು ಕೇಳದಿದ್ದರೂ ಸೇರಿಸಿದಿರಿ. ನನ್ನ ದೃಷ್ಟಿಯಲ್ಲಿ ಇಡೀ ಉತ್ತರದಲ್ಲಿ ಇದೇ ಅತ್ಯಂತ ಬೆಲೆಯುಳ್ಳ ಮಾತು, ಏಕೆಂದರೆ ಅಪರಿಚಿತರೊಬ್ಬರ ಸುರಕ್ಷತೆಯ ಬಗ್ಗೆ ತಮಗಿರುವ ಕಾಳಜಿ ಅದರಲ್ಲಿತ್ತು. ಈಗ ಏರುರಸ್ತೆಯಲ್ಲಿಯೂ ಮೊಣಕಾಲು ನೋಯುತ್ತಿಲ್ಲ. ತಮಗೆ ನಾನು ಸದಾ ಋಣಿ.