ಸಾಯಲು ಒಪ್ಪದ ಜೀವಕೋಶ

ಪ್ರಿಯ ಗೆಳೆಯಾ,

ನಿನ್ನ ಚಿಕ್ಕಪ್ಪನವರ ಒಳಗೆನ್ನೆಯ ಕ್ಯಾನ್ಸರ್ ಗಡ್ಡೆಗೆ ಸಿಸ್‌ಪ್ಲಾಟಿನ್ ಎಂಬ ಔಷಧ ಮತ್ತು ವಿಕಿರಣ ಎರಡನ್ನೂ ಕೊಟ್ಟ ಮೇಲೂ ಅದರಲ್ಲೊಂದಂಶ ಉಳಿದಿದೆಯೆಂದು ಬರೆದಿದ್ದೀಯ. ಆರೋಗ್ಯವಾಗಿದ್ದ ಬಾಯಿಯೆಲ್ಲ ಹುಣ್ಣಾಗಿರುವಾಗ ಕೆಟ್ಟದ್ದೇ ಏಕೆ ಉಳಿಯಿತು ಎಂಬ ನಿನ್ನ ಪ್ರಶ್ನೆಗೆ ಉತ್ತರ, ಜೀವಕೋಶವೊಂದು ಹೇಗೆ ಸಾಯುತ್ತದೆ ಎಂಬುದರಲ್ಲಿದೆ.

ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ ತಮ್ಮನ್ನು ತಾವೇ ಕೊನೆಗಾಣಿಸಿಕೊಳ್ಳುವ ವ್ಯವಸ್ಥೆಯಿದೆ. ಕೆರ್, ವೈಲಿ ಮತ್ತು ಕರಿ ಎಂಬ ರೋಗಶಾಸ್ತ್ರಜ್ಞರು 1972ರಲ್ಲಿ ಇದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಪೆಟ್ಟು ತಿಂದು ಸತ್ತ ಕೋಶ ಒಡೆದು ಸುತ್ತಲೂ ಉರಿಯೂತವನ್ನುಂಟುಮಾಡಿದರೆ, ಹೀಗೆ ಸಾಯುವ ಕೋಶ ಕುಗ್ಗಿ, ತುಣುಕುಗಳಾಗಿ, ಅಕ್ಕಪಕ್ಕದ ಕೋಶಗಳು ನುಂಗಿಬಿಡುವುದರಿಂದ ಗುರುತಿಲ್ಲದಂತೆ ಕಣ್ಮರೆಯಾಗುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ವಿಕಿರಣದಿಂದಲೋ ಔಷಧದಿಂದಲೋ ಡಿಎನ್‌ಎ ತುಂಡಾದಾಗ ಪಿ53 ಎಂಬ ಪ್ರೋಟೀನು ಅದನ್ನು ಗ್ರಹಿಸಿ, ಹಾನಿ ಸರಿಪಡಿಸಲಾಗದಷ್ಟಿದ್ದರೆ ಸಾವಿಗೆ ಚಾಲನೆ ಕೊಡುತ್ತದೆ. ಆಗ ಬ್ಯಾಕ್ಸ್ ಮತ್ತು ಬ್ಯಾಕ್ ಪ್ರೋಟೀನುಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರ ಮಾಡುತ್ತವೆ. ಒಳಗಿನ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಹೊರಕ್ಕೆ ಸೋರಿ, ಪ್ರೋಟೀನುಗಳನ್ನು ಕತ್ತರಿಸುವ ಕ್ಯಾಸ್ಪೇಸ್ ಎಂಬ ಕಿಣ್ವಗಳಲ್ಲೊಂದಾದ ಕ್ಯಾಸ್ಪೇಸ್-9ನ್ನು, ಅದು ಕ್ಯಾಸ್ಪೇಸ್-3ನ್ನು ಎಚ್ಚರಿಸುತ್ತದೆ. ಕೊನೆಗೆ ಈ ಕ್ಯಾಸ್ಪೇಸ್-3 ಕೋಶದ ಒಳರಚನೆಯನ್ನು ಕತ್ತರಿಸಿಹಾಕುತ್ತದೆ. ಎರಡನೆಯ ದಾರಿ ಹೊರಗಿನದು. ರೋಗನಿರೋಧಕ ಕೋಶಗಳು ಬಂದು ಕೋಶದ ಮೇಲ್ಮೈಯ ಫಾಸ್‌ನಂತಹ ಗ್ರಾಹಕಗಳನ್ನು ಮುಟ್ಟಿದಾಗ ಕ್ಯಾಸ್ಪೇಸ್-8 ಕೆಲಸಕ್ಕಿಳಿಯುತ್ತದೆ.

ಬಾಯಿ ಕ್ಯಾನ್ಸರಿನಲ್ಲಿ ಈ ಎರಡೂ ದಾರಿಗಳು ಕೆಡಬಲ್ಲವು. ಪಿ53 ತಯಾರಿಸುವ ಜೀನು ಹೆಚ್ಚಿನ ಗಡ್ಡೆಗಳಲ್ಲಿ ಹಾಳಾಗಿರುತ್ತದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಭಾರತದ ವಿಜ್ಞಾನಿಗಳ ತಂಡವೊಂದು ನಮ್ಮವರ ವಸಡು ಮತ್ತು ಒಳಗೆನ್ನೆಯ ಗಡ್ಡೆಗಳ ಜೀನುಗಳನ್ನು ಓದಿ 2013ರಲ್ಲಿ ಪ್ರಕಟಿಸಿದ ಅಧ್ಯಯನ: ಮತ್ತೆ ಮತ್ತೆ ಕೆಟ್ಟು ಕಂಡ ಕೆಲವೇ ಜೀನುಗಳಲ್ಲಿ ಕ್ಯಾಸ್ಪೇಸ್-8ರದೂ ಒಂದು. ಎಲೆಯಡಿಕೆ, ಹೊಗೆಸೊಪ್ಪು ದವಡೆಯಲ್ಲಿ ಕೂರುವ ಜಾಗವೇ ಆ ವಸಡು ಮತ್ತು ಒಳಗೆನ್ನೆ. ತಂಬಾಕು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ನಮ್ಮ ಮನೆಗಳನ್ನು ನಡೆಸಿದ ಬೆಳೆಯ ಬಗ್ಗೆ ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ನಿನ್ನಿಂದ ಮುಚ್ಚಿಡಲಾರೆ.

ಇನ್ನು ನಿನ್ನ ಪ್ರಶ್ನೆ. ವಿಕಿರಣ ತಗುಲಿದ ಆರೋಗ್ಯವಂತ ಲೋಳೆಪೊರೆಯಲ್ಲಿ ಸಾಯುವ ವ್ಯವಸ್ಥೆ ಸುಸ್ಥಿತಿಯಲ್ಲಿರುವುದರಿಂದ ಅದರ ಕೋಶಗಳು ಸಾಯುತ್ತವೆ, ಹುಣ್ಣಾಗುತ್ತದೆ. ಉಳಿದ ಮೂಲಕೋಶಗಳಿಂದ ಆ ಹುಣ್ಣು ಕ್ರಮೇಣ ಮಾಯುತ್ತದೆ. ಗಡ್ಡೆಯ ಕೋಶಕ್ಕೂ ಅದೇ ಪೆಟ್ಟು ಬಿದ್ದಿರುತ್ತದೆ, ಆದರೆ ಪೆಟ್ಟನ್ನು ಸಾವಾಗಿ ಮಾರ್ಪಡಿಸುವ ಕೊಂಡಿ ಅದರಲ್ಲಿ ಕಳಚಿರಬಹುದು. ಅಪಾಪ್ಟೋಸಿಸ್ ಒಂದೇ ದಾರಿಯಲ್ಲ ಎಂಬುದೂ ನಿಜ. ವಿಕಿರಣದ ನಂತರ ಎಷ್ಟೋ ಕೋಶಗಳು ವಿಭಜನೆಗೆ ಹೊರಟು ವಿಫಲವಾಗಿ ಸಾಯುತ್ತವೆ, ಗಡ್ಡೆಯ ಬಹುಭಾಗ ಕರಗಿರುವುದು ಹಾಗೆಯೂ ಇರಬಹುದು.

ಈ ಕೊಂಡಿಯನ್ನು ಮತ್ತೆ ಜೋಡಿಸುವ ಔಷಧಗಳಿಗಾಗಿ ಹುಡುಕಾಟ ನಡೆದಿದೆ. ಕ್ಯಾಸ್ಪೇಸ್‌ಗಳನ್ನು ತಡೆಹಿಡಿಯುವ ಪ್ರೋಟೀನುಗಳನ್ನು ಮಣಿಸುವ ಜೆವಿನಾಪಂಟ್ ಅಂತಹದೊಂದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಅದರ ಮೇಲೆ ದೊಡ್ಡ ನಿರೀಕ್ಷೆಯಿತ್ತು. 2024ರಲ್ಲಿ ಮೂರನೆಯ ಹಂತದ ಪರೀಕ್ಷೆ ವಿಫಲವಾಯಿತು. ಆ ಸುದ್ದಿ ಓದಿದ ದಿನ ನಿಜಕ್ಕೂ ದುಃಖವಾಯಿತು.

ಬಾಯಿ ಕ್ಯಾನ್ಸರಿಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಆದ್ದರಿಂದ ಉಳಿದಿರುವ ಭಾಗವನ್ನು ತೆಗೆಯಲು ಸಾಧ್ಯವೇ ಎಂದು ತಲೆ-ಕುತ್ತಿಗೆಯ ಶಸ್ತ್ರಚಿಕಿತ್ಸಕರನ್ನು ಈ ವಾರವೇ ಕೇಳು. ಹೊಸ ಸ್ಕ್ಯಾನ್ ಮತ್ತು ಬಯಾಪ್ಸಿಯ ವರದಿಗಳನ್ನು ನನಗೂ ಕಳುಹಿಸು, ಕೂಡಲೇ ಓದಿ ಬರೆಯುತ್ತೇನೆ. ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ