ಚಂದಾ ಮುಗಿದರೂ ಕಡತ ತೆರೆಯುವಂತಿರಬೇಕು

ಮಾನ್ಯ ಸಂಪಾದಕರೇ,

ಫೋಟೊ ತಿದ್ದುವ, ಪುಟ ಕಟ್ಟುವ, ವೀಡಿಯೊ ಜೋಡಿಸುವ ಸಾಫ್ಟ್‌ವೇರ್‌ಗಳನ್ನೆಲ್ಲ ಒಂದೇ ಪ್ಯಾಕೇಜಿನಲ್ಲಿ ಸೇರಿಸಿ ತಿಂಗಳ ಚಂದಾಕ್ಕೆ ಕೊಡುವ ಪದ್ಧತಿ ಈಗ ಕಂಪ್ಯೂಟರಿನಿಂದ ಟ್ಯಾಬ್ಲೆಟ್ಟಿಗೂ ಹಬ್ಬಿದೆ. ದೊಡ್ಡ ನಗರಗಳ ಜಾಹೀರಾತು ಸಂಸ್ಥೆಗಳಿಗೆ ಇದರಿಂದ ಅನುಕೂಲವಾಗಿರಬಹುದು. ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಪೇಟೆಗಳಲ್ಲಿ ಕನ್ನಡ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಪುಟ ಕಟ್ಟುವ) ಕೆಲಸವನ್ನೇ ನಂಬಿ ಬದುಕುವ ನಮ್ಮಂಥವರಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಅದರ ಕಾರಣಗಳನ್ನು ನಿಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿಯ ಸಾಫ್ಟ್‌ವೇರ್‌ಗಳನ್ನು 2012ರ ಸಿಎಸ್6 ಆವೃತ್ತಿಯವರೆಗೆ ಒಮ್ಮೆ ದುಡ್ಡು ಕೊಟ್ಟು ತಂದರೆ ಎಷ್ಟು ವರ್ಷ ಬೇಕಾದರೂ ಬಳಸಬಹುದಿತ್ತು. ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಆ ಕಂಪನಿ 2013ರ ಮೇ ತಿಂಗಳಲ್ಲಿ ಘೋಷಿಸಿದ ಬಳಿಕ ಉಳಿದ ಅನೇಕರು ಅದೇ ಹಾದಿ ಹಿಡಿದರು. ಆಪಲ್‌ನ ವೀಡಿಯೊ ಜೋಡಿಸುವ ಫೈನಲ್ ಕಟ್ ಪ್ರೊ 2023ರಲ್ಲಿ ಐಪ್ಯಾಡ್‌ಗೆ ಬಂದದ್ದೇ ಚಂದಾ ರೂಪದಲ್ಲಿ. ಅದೇ ಐಪ್ಯಾಡ್‌ನಲ್ಲಿ ಚಿತ್ರ ಬರೆಯುವ ಪ್ರೊಕ್ರಿಯೇಟ್ ಒಂದೇ ಸಲದ ಬೆಲೆಗೆ ಸಿಗುವ ತಂತ್ರಾಂಶವೆಂದೇ ಹೆಸರು ಮಾಡಿರುವಾಗ, ಒಂದೇ ಸಲ ಮಾರಿದರೆ ವ್ಯಾಪಾರ ನಡೆಯದು ಎಂಬ ಮಾತನ್ನು ಒಪ್ಪುವುದು ಕಷ್ಟ.

ನಮ್ಮ ಕೆಲಸಕ್ಕೆ ಕಾಲವಿದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಯವರೆಗೆ ಬಯಲಾಟದ ಕರಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ, ದೈವಗಳ ನೇಮದ ಬ್ಯಾನರ್, ಮದುವೆ ಕಾಗದ ಎಂದು ಬಿಡುವಿರುವುದಿಲ್ಲ. ಮಳೆ ಹಿಡಿದ ಮೇಲೆ ತುಳುವರ ಆಟಿ ತಿಂಗಳು ಕಳೆಯುವ ತನಕ ಅಂಗಡಿಗೆ ಬರುವವರು ಹೆಚ್ಚಾಗಿ ಜೆರಾಕ್ಸಿಗೋ ಅರ್ಜಿ ತುಂಬಿಸಲಿಕ್ಕೋ ಬರುವವರು. ಚಂದಾ ಮಾತ್ರ ಹನ್ನೆರಡು ತಿಂಗಳೂ ಒಂದೇ ಸಮ, ಅದರ ಮೇಲೆ ಶೇ. 18 ಜಿಎಸ್‌ಟಿ. ಬೇಡವಾದಾಗ ಬಿಟ್ಟರಾಯಿತು ಎನ್ನುವವರು ಕರಾರನ್ನು ಪೂರ್ತಿ ಓದಬೇಕು. ಹಲವು ಯೋಜನೆಗಳಲ್ಲಿ ತಿಂಗಳದ್ದು ಕಂತು ಮಾತ್ರ, ಬದ್ಧತೆ ವರ್ಷದ್ದು. ನಡುವೆ ಬಿಟ್ಟರೆ ಉಳಿದ ಕಂತುಗಳ ಒಂದು ಪಾಲನ್ನು ಶುಲ್ಕವಾಗಿ ತೆರಬೇಕಾಗುತ್ತದೆ. ಇಂಥ ಶುಲ್ಕವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ಮರೆಮಾಡಲಾಗಿದೆ ಎಂಬ ಆರೋಪದ ಮೇಲೆಯೇ ಅಮೆರಿಕದ ಸರಕಾರ 2024ರ ಜೂನ್‌ನಲ್ಲಿ ಅಡೋಬಿಯ ವಿರುದ್ಧ ದಾವೆ ಹೂಡಿತು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ, ಸೇರುವುದು ಸುಲಭವಾಗಿ ಬಿಡುವುದು ಕಷ್ಟವಾಗುವಂತೆ ಚಂದಾ ಯೋಜನೆ ರೂಪಿಸುವುದನ್ನು ನಿಷೇಧಿತ 13 ಕುತಂತ್ರಗಳ ಪಟ್ಟಿಗೆ ಸೇರಿಸಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಕಂತು ತಾನಾಗಿ ಕಡಿತವಾಗುವ 24 ಗಂಟೆ ಮೊದಲೇ ಸೂಚನೆ ಬರಬೇಕು. ಇಷ್ಟು ರಕ್ಷಣೆ ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ.

ಆದರೂ ನನ್ನನ್ನು ಹೆಚ್ಚು ಕಾಡುವುದು ದುಡ್ಡಿನ ಮಾತಲ್ಲ. ಊರಿನ ಭಜನಾ ಮಂದಿರದ ಸಮಿತಿಯವರು ವಾರ್ಷಿಕೋತ್ಸವದ ಆಮಂತ್ರಣಕ್ಕೆ ಬಂದಾಗ ಹೊಸತಾಗಿ ಏನನ್ನೂ ಮಾಡಲು ಹೇಳುವುದಿಲ್ಲ. ಕಳೆದ ವರ್ಷದ್ದನ್ನೇ ತೆರೆದು ತಿಥಿ, ದಿನಾಂಕ, ಅಧ್ಯಕ್ಷರ ಹೆಸರು ಬದಲಿಸಿ, ಗತಿಸಿದ ಸದಸ್ಯರ ಹೆಸರು ತೆಗೆದು, ಹೊಸಬರ ಹೆಸರು ಹಿರಿತನದ ಕ್ರಮದಲ್ಲಿ ಸೇರಿಸಿ ಕೊಡಬೇಕು. ಆ ಪುಟವನ್ನು ಮೊದಲ ಸಲ ಕಟ್ಟುವಾಗ ಒಂದೊಂದು ಒತ್ತಕ್ಷರವೂ ಕೆಳಗಿನ ಸಾಲಿನ ಗುಡಿಸನ್ನು ಮುಟ್ಟದಂತೆ ಅಂತರ ಕೂಡಿಸಿರುತ್ತೇವೆ. ಚಂದಾ ನಿಂತ ದಿನ ಆ ಕಡತ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ತೆರೆಯುವ ತಂತ್ರಾಂಶ ಮಾತ್ರ ಇರುವುದಿಲ್ಲ. ಪಿಡಿಎಫ್ ಉಳಿಸಿಕೊಂಡರೆ ನೋಡಬಹುದು, ಮುದ್ರಿಸಬಹುದು, ಸಲೀಸಾಗಿ ತಿದ್ದಲಾಗದು. ಕೆಲಸ ಮಾಡಿಸಿದವರು ಹಣ ಕೊಟ್ಟಿದ್ದಾರೆ, ಮಾಡಿದವನು ದುಡಿದಿದ್ದಾನೆ. ಹೀಗಿರುವಾಗ ಚಂದಾ ಮುಗಿದ ಬಳಿಕವೂ ಹಳೆಯ ಕಡತವನ್ನು ತೆರೆದು ಬೇರೆ ರೂಪದಲ್ಲಿ ಉಳಿಸಿಕೊಳ್ಳುವ ಅವಕಾಶವನ್ನಾದರೂ ಈ ಕಂಪನಿಗಳು ಕೊಡಲೇಬೇಕೆಂದು ಕಾನೂನು ಹೇಳಬೇಕು. ಅಲ್ಲಿಯವರೆಗೆ ಅಡೋಬಿಯ ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್ ಬಳಸುವ ಬಂಧುಗಳು ಚಂದಾ ಇರುವಾಗಲೇ ಪ್ರತಿಯೊಂದು ಕೆಲಸವನ್ನೂ ಬೇರೆ ತಂತ್ರಾಂಶವೂ ಓದಬಲ್ಲ ಐಡಿಎಂಎಲ್ ಎಂಬ ಕಡತ ರೂಪದಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಅದನ್ನು ಸ್ಕ್ರೈಬಸ್‌ನಲ್ಲಿ ಒಂದು ಮಟ್ಟಿಗೆ ತೆರೆಯಬಹುದು.

ಸ್ಕ್ರೈಬಸ್ ಎಂಬುದು ಪುಟ ಕಟ್ಟುವ ಉಚಿತ, ಮುಕ್ತ ತಂತ್ರಾಂಶ. 2024ರಲ್ಲಿ ಬಂದ ಅದರ 1.6 ಆವೃತ್ತಿಯಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ, ಅಚ್ಚಿಗೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆಯೂ ಇದೆ. ಚಿತ್ರರಚನೆಗೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಜಿಂಪ್ ಇವೆ. ‘ನುಡಿ’, ‘ಶ್ರೀಲಿಪಿ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುವ ಬರಹವನ್ನು ಯೂನಿಕೋಡಿಗೆ ಬದಲಿಸಿಕೊಳ್ಳುವ ಶ್ರಮ ಇದೆ ಎಂಬುದು ನಿಜ. ಕೈ ಪಳಗಲು ಸಮಯವೂ ಬೇಕು.

ಆ ಸಮಯದ ವಿಚಾರದಲ್ಲಿ ಕಾಸರಗೋಡಿನವರು ಪುಣ್ಯವಂತರು. ಕೇರಳದ ಸರಕಾರಿ ಶಾಲೆಗಳಲ್ಲಿ ರಾಜ್ಯ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಮುಕ್ತ ತಂತ್ರಾಂಶಗಳ ಮೂಲಕವೇ ಐಟಿ ಕಲಿಸುತ್ತಿದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಠ್ಯ ಕನ್ನಡದಲ್ಲೇ ಸಿಗುತ್ತದೆ. ಜಿಂಪ್, ಇಂಕ್‌ಸ್ಕೇಪ್ ಬಲ್ಲ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ಕಲಿತು ಕೆಲಸ ಕೇಳಿಕೊಂಡು ಬಂದಾಗ ಅವರಿಗೆ ಗೊತ್ತಿರುವುದನ್ನು ನಾವೇ ಬದಿಗಿಟ್ಟು ಚಂದಾ ಕಟ್ಟುವ ತಂತ್ರಾಂಶವನ್ನೇ ಕಲಿಸುತ್ತಿದ್ದೇವೆ. ಇದು ನನಗೆ ತುಂಬ ನೋವಿನ ಸಂಗತಿ. ಕೈಟ್ ಸಂಸ್ಥೆಯು ಮಳೆಗಾಲದ ಬಿಡುವಿನಲ್ಲಿ ಡಿಟಿಪಿ ವೃತ್ತಿಯವರಿಗೆ ಕನ್ನಡದಲ್ಲಿ ತರಬೇತಿ ಏರ್ಪಡಿಸಬೇಕು, ಅದಕ್ಕೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ನೆರವಾಗಬೇಕು ಎಂದು ವಿನಂತಿಸುತ್ತೇನೆ. ನಾವು ಕೆಲಸ ಕಳುಹಿಸುವ ಮಂಗಳೂರು, ಕಾಸರಗೋಡಿನ ಮುದ್ರಣಾಲಯದವರು ಇಂಥದೇ ತಂತ್ರಾಂಶದ ಕಡತ ಬೇಕೆಂದು ಹಟ ಹಿಡಿಯದೆ, ಅಕ್ಷರ ಮತ್ತು ಬಣ್ಣ ಸರಿಯಿರುವ ಪಿಡಿಎಫ್ ಅನ್ನು ಸ್ವೀಕರಿಸುವಂತಾದರೆ ನಮ್ಮಲ್ಲಿ ಅನೇಕರು ಈ ಮಳೆಗಾಲದಲ್ಲೇ ಬದಲಾಯಿಸಿಕೊಳ್ಳಲು ಸಿದ್ಧರಿದ್ದೇವೆ.

– ಡಿಟಿಪಿ ವೃತ್ತಿಯ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ