"ವಿಆರ್‌ನಲ್ಲೂ ಆಡಬಹುದು" ಅಂತ ಒಂದೇ ಸಾಲು ಬರೆದ್ರೆ ಸಾಲಲ್ಲ

ಸಂಪಾದಕರೇ,

ನಿಮ್ಮ ಪೇಪರ್‌ನಲ್ಲಿ ಬರೋ ಗೇಮ್ ರಿವ್ಯೂಗಳನ್ನ ನಾನು ತಪ್ಪದೆ ಓದ್ತೀನಿ, ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ, ಎಷ್ಟು ಗಂಟೆ ಆಟ, ಎಲ್ಲಾ ಇರುತ್ತೆ. ಕೊನೇಲಿ ಮಾತ್ರ "ವಿಆರ್‌ನಲ್ಲೂ ಆಡಬಹುದು" ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡ್ಬಿಡ್ತೀರ. ವಿಆರ್ ಅಂದ್ರೆ ಕಣ್ಣಿಗೆ ಹೆಡ್‌ಸೆಟ್ ಕಟ್ಕೊಂಡು, ಆಟದ ಒಳಗೇ ಇದೀವಿ ಅನ್ನೋ ಹಾಗೆ ಆಡೋದು. ಆ ಒಂದು ಸಾಲಿನ ಮೇಲೆ ನನ್ನ ತಕರಾರು.

ನಾನೇನು ಪುಕ್ಕಲ ಅಲ್ಲ ಸ್ವಾಮಿ. ರೆಸಿಡೆಂಟ್ ಈವಿಲ್ 7 ಅಂತ ಒಂದು ಹೆದರಿಸೋ ಆಟ, 2017ರ ಜನವರಿಯಲ್ಲಿ ಬಂದಿದ್ದು, ಟಿವಿಯಲ್ಲಿ ಎರಡು ಸಲ ಪೂರ್ತಿ ಮುಗಿಸಿದೀನಿ, ಅದೂ ಲೈಟ್ ಆರಿಸಿಕೊಂಡು. ಯಾವ ಬಾಗಿಲ ಹಿಂದೆ ಯಾರಿದಾರೆ ಅಂತ ನಿದ್ದೆಗಣ್ಣಲ್ಲೂ ಹೇಳ್ತೀನಿ. ಆದ್ರಿಂದ ಹೋದ ವಾರ ಅಕ್ಕನ ಮಗ ಸೋನಿ ಕಂಪನಿಯ ಹಳೇ ವಿಆರ್ ಹೆಡ್‌ಸೆಟ್ ತಂದು "ಮಾಮ, ಅದೇ ಆಟನ ಇದರಲ್ಲಿ ಒಂದ್ಸಲ ಆಡಿ ನೋಡು" ಅಂದಾಗ ನಾನು ನಕ್ಕಿದ್ದೇ. ಇಡೀ ಆಟನ ಮೊದಲಿಂದ ಕೊನೇವರೆಗೂ ಹೆಡ್‌ಸೆಟ್‌ನಲ್ಲೇ ಆಡಬಹುದಂತೆ, ಡಿಸ್ಕ್ ಅದೇ, ಆಟ ಅದೇ, ಹೊಸದಾಗಿ ಏನಿರುತ್ತೆ ಅಂದ್ಕೊಂಡೆ.

ಅವನು ಮೊದಲು ಹಾಕಿದ್ದು ಕಿಚನ್ ಅಂತ ಒಂದು ಚಿಕ್ಕ ಡೆಮೋ, 2015ರಲ್ಲಿ ಇ3 ಅನ್ನೋ ವಿಡಿಯೋ ಗೇಮ್ ಮೇಳದಲ್ಲಿ ತೋರಿಸಿದ್ದಂತೆ. ಅದರಲ್ಲಿ ನಮ್ಮನ್ನ ಕುರ್ಚಿಗೆ ಕಟ್ಟಿಹಾಕಿರ್ತಾರೆ, ಎರಡೂ ಕೈ ಸೇರಿಸಿ ಕಟ್ಟಿರ್ತಾರೆ. ಇಲ್ಲಿ ನಿಜವಾಗ್ಲೂ ನಾನು ಕೂತಿದ್ದು ಕುರ್ಚಿಯಲ್ಲೇ, ಎರಡೂ ಕೈಯಲ್ಲಿ ಒಂದೇ ಕಂಟ್ರೋಲರ್ ಹಿಡಿದು ಮಡಿಲ ಹತ್ರ ಇಟ್ಕೊಂಡಿದೀನಿ! ಕೆಳಗೆ ನೋಡಿದ್ರೆ ನನ್ನ ಕೈ ಎಲ್ಲಿರಬೇಕೋ ಸರಿಯಾಗಿ ಅಲ್ಲೇ ಹಗ್ಗ ಕಟ್ಟಿದ ಕೈ ಕಾಣುತ್ತೆ. ಅಷ್ಟೇ ಸಾಕಾಯ್ತು, ಮೈ ನಂಬಿಬಿಡ್ತು. ಇದು ಸುಳ್ಳು ಅಂತ ತಲೆಗೆ ಗೊತ್ತು, ಆದ್ರೆ ಬೆನ್ನಿಗೆ ಯಾರು ಹೇಳ್ಬೇಕು.

ಆಮೇಲೆ ಅಸಲಿ ಆಟ. ಟಿವಿಯಲ್ಲಿ ಭಯಕ್ಕೆ ಒಂದು ಚೌಕಟ್ಟು ಇರುತ್ತೆ, ಆಚೆಗೆ ಗೋಡೆ, ಗಡಿಯಾರ, ಸ್ವಿಚ್ ಬೋರ್ಡು ಎಲ್ಲಾ ಕಾಣ್ತಾನೇ ಇರುತ್ತೆ, ಅದೇ ನಮಗೆ ಧೈರ್ಯ ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಇಲ್ಲಿ ಆ ಚೌಕಟ್ಟೇ ಇಲ್ಲ. ಹಿಂದೆನೂ ಮನೆ ಇದೆ, ಮೇಲೂ ಮನೆ ಇದೆ, ಮೇಲಿಂದ ಹಲಗೆ ಕಿರ್ ಅಂದ್ರೆ ತಲೆ ತಾನಾಗೇ ಮೇಲೆ ಹೋಗುತ್ತೆ, ಟಿವಿಯಲ್ಲಿ ಆಡುವಾಗ ನಾನು ಒಂದ್ಸಲನೂ ಸೂರು ನೋಡಿದ್ದಿಲ್ಲ. ಬಾಗಿಲು ಅರ್ಧ ತೆರೆದಿದ್ರೆ ಕುತ್ತಿಗೆ ಚಾಚಿ ಇಣುಕಬೇಕು, ಇಣುಕಿದ್ರೆ ಕತ್ತಲೊಳಗೆ ಮೊದಲು ಹೋಗೋದು ನನ್ನ ಮೂಗು. ಒಂದು ಬಾಗಿಲ ಹತ್ರ ಹಾಗೇ ಎರಡು ನಿಮಿಷ ನಿಂತಿದ್ದೆ, ಒಳಗೆ ಏನೂ ಇಲ್ಲ ಅಂತ ಗೊತ್ತಿದ್ದೂ! ಇನ್ನು ಗುಂಡು ಹೊಡೆಯೋಕೆ ಗುರಿ ಇಡೋದು ತಲೆ ತಿರುಗಿಸಿ, ಅಂದ್ರೆ ಯಾವುದನ್ನ ನೋಡೋಕೆ ಆಗಲ್ವೋ ಅದನ್ನೇ ನೆಟ್ಟಗೆ ದಿಟ್ಟಿಸಿದ್ರೆ ಮಾತ್ರ ಬಚಾವು, ಎಂಥಾ ತಲೆ ಓಡ್ಸಿದಾರೆ ನೋಡಿ. ಕಣ್ಣು ಮುಚ್ಚಿದ್ರೆ ಇನ್ನೂ ಕಷ್ಟ, ಶಬ್ದ ಎಡಕಿವಿಗೆ ಮೊದಲು ಬಲಕಿವಿಗೆ ಆಮೇಲೆ ಅನ್ನೋ ಲೆಕ್ಕದಲ್ಲಿ ಕೇಳ್ಸೋದ್ರಿಂದ ಅದು ಎಲ್ಲಿದೆ, ಎಷ್ಟು ಹತ್ರ ಬಂತು ಅಂತ ಕತ್ತಲಲ್ಲೂ ಗೊತ್ತಾಗುತ್ತೆ.

ನೆಲಮಾಳಿಗೆ ಬಂತು. ನೀರು ತುಂಬಿರೋ ಜಾಗ, ಅದರಲ್ಲಿ ನಡ್ಕೊಂಡು ಹೋಗ್ಬೇಕು, ಒಂದು ಕಡೆ ಹೆಣ ತೇಲಿ ಮೇಲೆ ಬರುತ್ತೆ. ಮೂರನೇ ಸಲ ನೋಡ್ತಿರೋದು, ಎಲ್ಲಿ ಬರುತ್ತೆ ಅಂತ ಗೊತ್ತು. ಆದ್ರೂ ನೀರಿಗೆ ಇಳಿದ ತಕ್ಷಣ ಎರಡೂ ಕಾಲು ಎತ್ತಿ ಕುರ್ಚಿ ಮೇಲೆ ಇಟ್ಕೊಂಡಿದ್ದೆ, ಯಾವಾಗ ಇಟ್ಕೊಂಡೆ ಅಂತ ನಂಗೇ ಗೊತ್ತಿಲ್ಲ. ಸರಿಯಾಗಿ ಆಗ್ಲೇ ಹೆಡ್‌ಸೆಟ್‌ನ ಕೇಬಲ್ ಜಾರಿ ಹಿಮ್ಮಡಿಗೆ ತಾಗ್ತು. ನಾನು ಕಿರುಚಿದ್ದನ್ನ ಇಲ್ಲಿ ಬರೆಯೋಲ್ಲ. ಕೊನೆಗೆ ಮೂಗಿನ ಹತ್ರ ಹೆಡ್‌ಸೆಟ್ ಪೂರ್ತಿ ಮುಚ್ಚದೆ ಉಳಿದಿರೋ ಸಣ್ಣ ಸಂದಿಯಿಂದ ಕೆಳಗೆ ನೋಡಿದೆ, ನನ್ನ ಸಾಕ್ಸು ಕಾಣ್ತು, ಹೆಬ್ಬೆರಳ ಹತ್ರ ತೂತು ಬಿದ್ದಿರೋದು. ಅದನ್ನ ನೋಡಿ ಅಷ್ಟು ಸಮಾಧಾನ ಆಗಿದ್ದು ಜೀವನದಲ್ಲಿ ಅದೇ ಮೊದಲು.

ಇಷ್ಟು ಹೊತ್ತೂ ಅಕ್ಕನ ಮಗ ಪಕ್ಕದಲ್ಲಿ ಬಿದ್ದು ಬಿದ್ದು ನಗ್ತಿದ್ದ. ಹೆಡ್‌ಸೆಟ್ ಒಳಗೆ ನಾನು ನೋಡ್ತಿದ್ದ ಚಿತ್ರವೇ ಟಿವಿಯಲ್ಲೂ ಬರ್ತಿರುತ್ತೆ, ಅದೇ ನೀರು ಅದೇ ಹೆಣ, ಅವನಿಗೆ ಕಾಮಿಡಿ, ನನಗೆ ಎದೆ ಡಬ ಡಬ. ನನಗೆ ಯೋಚನೆ ಹತ್ತಿದ್ದು ಇಲ್ಲೇ. ಮನೇಲಿ ಮಗು ಹೆಡ್‌ಸೆಟ್ ಹಾಕ್ಕೊಂಡು ಆಡ್ತಿದ್ರೆ ಅಪ್ಪ ಅಮ್ಮ ನೋಡೋದು ಟಿವಿಯನ್ನ, ಅದರಲ್ಲಿ ಅಂಥದ್ದೇನೂ ಕಾಣಲ್ಲ, "ಇಷ್ಟೇನಾ" ಅಂದ್ಕೊಂಡು ಹೋಗ್ತಾರೆ. ಆ ಹೆಡ್‌ಸೆಟ್ 12 ವರ್ಷದ ಮೇಲಿನವರಿಗೆ ಅಂತ ತಯಾರಿಸಿದವರೇ ಹೇಳಿದಾರೆ, ಈ ಆಟಕ್ಕೆ ಯುರೋಪಿನ ಪೆಗಿ ಅನ್ನೋ ವಯಸ್ಸಿನ ರೇಟಿಂಗ್ 18. ಎರಡರ ಮಧ್ಯೆ ಆರು ವರ್ಷ ಗ್ಯಾಪು. ಅದೂ ಸಾಲ್ದು ಅಂತ ಡಿಸ್ಕ್ ಮೇಲಿನ 18 ಟಿವಿಗೂ ಅದೇ, ತಲೆಗೆ ಕಟ್ಕೊಂಡು ಆಡೋದಕ್ಕೂ ಅದೇ.

ತಲೆಸುತ್ತಿನ ವಿಷಯನೂ ಹೇಳಿಬಿಡ್ತೀನಿ, ತಪ್ಪು ನಂದೇ. ಆಟದಲ್ಲಿ ತಿರುಗುವಾಗ ನುಣ್ಣಗೆ ತಿರುಗಲ್ಲ, 30 ಡಿಗ್ರಿ 30 ಡಿಗ್ರಿ ಅಂತ ಟಕ್ ಟಕ್ ಹಾರುತ್ತೆ, ಇದು ಚಿಕ್ಕಮಕ್ಕಳಿಗೆ ಅಂದ್ಕೊಂಡು ಸೆಟ್ಟಿಂಗ್ ಬದಲಾಯಿಸ್ದೆ. ಹತ್ತು ನಿಮಿಷಕ್ಕೆ ಬಾಯಲ್ಲಿ ನೀರೂರಿ ಹಣೆ ತಣ್ಣಗಾಯ್ತು, ಕಣ್ಣು ತಿರುಗ್ತಿದೀನಿ ಅನ್ನುತ್ತೆ, ಒಳಗಿವಿ ಕೂತಿದೀನಿ ಅನ್ನುತ್ತೆ, ಮಧ್ಯದಲ್ಲಿ ಹೊಟ್ಟೆ ಒದ್ದಾಡುತ್ತೆ. ಅದಾದ್ಮೇಲೆ ಒಂದು ಗಂಟೆ ಮಲಗಿದ್ದೆ.

ಅದಕ್ಕೇ ಕೇಳ್ಕೊಳ್ಳೋದು, ವಿಆರ್ ಇರೋ ಆಟದ ರಿವ್ಯೂ ಬರೆಯೋರು ಕನಿಷ್ಠ ಅರ್ಧ ಗಂಟೆನಾದ್ರೂ ಹೆಡ್‌ಸೆಟ್ ಹಾಕ್ಕೊಂಡು ಆಡಿ ಬರೀಲಿ. ಕೂತು ಆಡೋದಾ ನಿಂತು ಆಡೋದಾ, ತಿರುಗೋ ಸೆಟ್ಟಿಂಗ್ ಏನಿದೆ, ಟಿವಿಯಲ್ಲಿ ಸಾಧಾರಣ ಅನ್ಸಿದ ಯಾವ ಸೀನು ಒಳಗಿಂದ ತಡ್ಕೊಳ್ಳೋಕೆ ಆಗ್ಲಿಲ್ಲ, ಇಷ್ಟು ಹೇಳಿದ್ರೆ ಮಕ್ಕಳ ಕೈಗೆ ಕೊಡೋ ಮುಂಚೆ ಮನೆಯವರಿಗೆ ಗೊತ್ತಾಗುತ್ತೆ. ನಕ್ಷತ್ರ ಎಷ್ಟಾದ್ರೂ ಕೊಡಿ.

ಆಟ ಚೆನ್ನಾಗಿಲ್ಲ ಅಂತ ಅಲ್ಲ ಮತ್ತೆ, ಇಷ್ಟು ವರ್ಷದಲ್ಲಿ ಯಾವ ಆಟನೂ ನನ್ನನ್ನ ಹೀಗೆ ಹಿಡ್ಕೊಂಡಿರ್ಲಿಲ್ಲ. ಮುಗಿಸ್ತೀನಿ ಅಂತ ಅವನಿಗೆ ಮಾತು ಕೊಟ್ಟಿದೀನಿ. ಸದ್ಯಕ್ಕೆ ಟೇಪ್ ರೆಕಾರ್ಡರ್ ಇಟ್ಟಿರೋ ಸೇವ್ ರೂಮಲ್ಲಿ, ಅಂದ್ರೆ ಆಟನ ಅಲ್ಲಿವರೆಗೆ ಉಳಿಸ್ಕೊಳ್ಳೋ ಕೋಣೆಯಲ್ಲಿ ನಿಂತಿದೀನಿ, ನಾಲ್ಕು ದಿನ ಆಯ್ತು.

— ನಿಮ್ಮ ಒಬ್ಬ ಓದುಗ